ಏಳೆಂದು ಬರೆಸಿದ ತಿಂಗಳು

1965ರ ಮೇ ತಿಂಗಳ ಮೊದಲ ವಾರದಲ್ಲಿ, ಅರಸೀಕೆರೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನನಗೆ ದಿನ ತುಂಬದ ಹೆಣ್ಣುಮಗು ಹುಟ್ಟಿತು. ತೂಕ ನಾಲ್ಕು ಪೌಂಡಿಗಿಂತ ಕಡಿಮೆ. ಹುಟ್ಟಿದ ಕೂಡಲೇ ಅತ್ತಿತು. ಎಷ್ಟು ತಿಂಗಳು ಎಂದು ನರ್ಸ್ ಕೇಳಿದಾಗ ನನ್ನ ಅಮ್ಮ "ಏಳು" ಎಂದಳು. ನರ್ಸ್ ಹಾಗೆಯೇ ಬರೆದುಕೊಂಡಳು.

ಅದು ಏಳಲ್ಲ. ಎಂಟು ತುಂಬುತ್ತಾ ಬಂದಿತ್ತು.

ನಮ್ಮ ಮನೆಯಲ್ಲಿ ಬಸುರಿಯ ವಿಷಯದಲ್ಲಿ ಎಂಟನೆಯ ತಿಂಗಳ ಹೆಸರು ಎತ್ತುತ್ತಿರಲಿಲ್ಲ. ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ನಂಬಿಕೆ ಆಗ ಬಹಳ ಮನೆಗಳಲ್ಲಿತ್ತು. ನಮ್ಮಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾಯಲ್ಲಿ ಎಂಟು ಎಂದರೂ ಕೆಡುಕು ಎಂಬಲ್ಲಿಗೆ ಬಂದಿತ್ತು. ಹಾಗಾಗಿ ಎಂಟು ನಡೆಯುತ್ತಿರುವಷ್ಟು ದಿನವೂ ಯಾರು ಕೇಳಿದರೂ ಏಳು ಎಂದೇ ಉತ್ತರ. ಆಮೇಲೆ ನೇರವಾಗಿ ಒಂಬತ್ತು. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುತ್ತಿದ್ದೆವಲ್ಲ, ಹಾಗೆ.

ನನ್ನ ಗಂಡ ಹಳೇಬೀಡಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟರು. ಚೊಚ್ಚಲ ಹೆರಿಗೆ ಎಂದು ಏಪ್ರಿಲ್‌ನಲ್ಲಿ ನಾನು ಅರಸೀಕೆರೆಯ ತವರಿಗೆ ಬಂದೆ. ಬಂದ ದಿನವೇ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದರು.

"ಎಷ್ಟಾಯ್ತು ನಿಮ್ಮ ಮಗಳಿಗೆ?"

"ಏಳು ಕಣ್ರೀ."

"ಹೋದ ತಿಂಗಳು ಕೇಳಿದಾಗಲೂ ಏಳು ಅಂದಿದ್ರಿ!"

"ಈ ತಿಂಗಳೂ ಏಳೇ" ಎಂದಳು ಅಮ್ಮ. ಇಬ್ಬರೂ ನಕ್ಕರು. ನಾನೂ ನಕ್ಕೆ.

ಆಸ್ಪತ್ರೆಯ ಡಾಕ್ಟರು ನಲವತ್ತು ದಾಟಿದ ಹೆಂಗಸು. ಬೇರೆ ಊರಿನವರು, ಮಾತು ಕಡಿಮೆ. ದಿನ ತುಂಬದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಂಥದ್ದು ಅಲ್ಲಿ ಇರಲಿಲ್ಲ. ಬಿದಿರಿನ ಬುಟ್ಟಿಗೆ ಹತ್ತಿ ಹಾಸಿ, ಎರಡು ಕಡೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ನಡುವೆ ಮಗುವನ್ನು ಮಲಗಿಸಿದರು. ಅಮ್ಮ ಮನೆಯಿಂದ ಒಳಲೆ ತಂದಿದ್ದಳು. ನಾನು ಕುಡಿದದ್ದೂ ಅದರಲ್ಲೇ. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡು, ಒಳಲೆಯ ಮೂತಿಯಿಂದ ಹಾಲು ಬಿಡುವುದು ನಮಗೆ ಗೊತ್ತಿದ್ದ ಕ್ರಮ. ಡಾಕ್ಟರು ಬೇಡ ಎಂದರು.

"ಏಳು ತಿಂಗಳ ಮಗುವಿಗೆ ಚೀಪೋದು, ನುಂಗೋದು, ಉಸಿರಾಡೋದು, ಮೂರನ್ನೂ ಹೊಂದಿಸಿಕೊಳ್ಳೋಕೆ ಬರಲ್ಲ. ಒಳಲೆಯಿಂದ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಎದೆಗೆ ಹಾಕಿದರೂ ಅಷ್ಟೇ. ಸದ್ಯಕ್ಕೆ ಮೂಗಿನಿಂದ ಟ್ಯೂಬು."

ಏಳು ತಿಂಗಳ ಮಗು ಎಂದದ್ದು ನನ್ನ ಕಿವಿಗೂ ಬಿತ್ತು, ಅಮ್ಮನ ಕಿವಿಗೂ ಬಿತ್ತು. ಇಬ್ಬರೂ ತಲೆಯಾಡಿಸಿದೆವು. ಹಾಲು ಕುಡಿಸುವ ಬಗೆ ಆ ಒಂದು ಮಾತಿನ ಮೇಲೆ ನಿಂತಿದೆ ಎಂದು ಆ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಾನು ಎದೆಹಾಲನ್ನು ಕೈಯಿಂದ ಹಿಂಡಿ ಬಟ್ಟಲಿಗೆ ತೆಗೆಯಬೇಕಿತ್ತು. ನರ್ಸ್ ಹುರಿಯಷ್ಟು ಸಣ್ಣನೆಯ ರಬ್ಬರ್ ಟ್ಯೂಬನ್ನು ಮಗುವಿನ ಮೂಗಿನಲ್ಲಿ ಇಳಿಸಿ, ಮೇಲಿನ ತುದಿಗೆ ಗಾಜಿನ ಸಿರಿಂಜಿನ ಕೊಳವೆ ಸಿಕ್ಕಿಸಿ, ಅದರಲ್ಲಿ ಹಾಲು ಬಿಡುತ್ತಿದ್ದಳು. ಪ್ರತಿ ಸಲವೂ ಟ್ಯೂಬು ಹೊಸದಾಗಿ ಇಳಿಯಬೇಕು, ಹಾಲು ಮುಗಿದ ಮೇಲೆ ಹೊರಗೆ ಬರಬೇಕು. ಮೂಗಿನಲ್ಲೇ ಬಿಟ್ಟರೆ ಉಸಿರಾಟಕ್ಕೆ ಒಂದೇ ಹೊಳ್ಳೆ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು.

ಟ್ಯೂಬು ಗಂಟಲು ದಾಟುವಾಗ ಮಗುವಿನ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಆಮೇಲೆ ಸಡಿಲವಾಗುತ್ತಿತ್ತು. ತುಟಿಯ ಸುತ್ತ ನೇರಳೆ ಹಣ್ಣಿನ ಬಣ್ಣ. ನರ್ಸ್ ಅಂಗಾಲಿಗೆ ಬೆರಳಿನಿಂದ ಚಿಮ್ಮಿದರೆ ಒಂದು ಉಸಿರು ಬರುತ್ತಿತ್ತು, ಸ್ವಲ್ಪ ತಡೆದು ಇನ್ನೊಂದು. ಡಾಕ್ಟರು ಪಕ್ಕದಲ್ಲಿದ್ದರೆ ಸ್ಟೆತಾಸ್ಕೋಪನ್ನು ಎದೆಗೆ ಇಟ್ಟಿರುತ್ತಿದ್ದರು. ಅದರ ಬಿಲ್ಲೆ ಮಗುವಿನ ಎದೆಯಷ್ಟೇ ಅಗಲ. ಕಿವಿಗೆ ಕೇಳಿಸುವ ಬಡಿತವನ್ನು ಅವರು ಬೆರಳಿನಿಂದ ನನ್ನ ಮಂಚದ ಕಬ್ಬಿಣದ ಮೇಲೆ ತಟ್ಟಿ ತೋರಿಸುತ್ತಿದ್ದರು, ನರ್ಸಿಗೆ ತಿಳಿಯಲಿ ಎಂದು. ಮೊದಲು ಬೆರಳು ಮಳೆಹನಿಯ ಹಾಗೆ ಒಂದೇ ಸಮನೆ ಆಡುತ್ತಿತ್ತು. ಟ್ಯೂಬು ಇಳಿಯುತ್ತಿದ್ದಂತೆ ನಿಧಾನವಾಗುತ್ತಿತ್ತು. ಹಾಲು ಒಳಗೆ ಹೋದ ಮೇಲೆ ಹೊಟ್ಟೆ ಬಿಗಿದುಕೊಂಡು, ಉಸಿರು ಮೇಲೆಮೇಲೆ ಬರುತ್ತಿತ್ತು. ಕೈಕಾಲು ತಣ್ಣಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಸರಿಹೋಗುವ ವೇಳೆಗೆ ಮತ್ತೆ ಹಾಲಿನ ಹೊತ್ತು.

ಪಕ್ಕದ ಮಂಚದಲ್ಲಿ ಗಂಡಸಿ ಊರಿನ ಕಡೆಯ ಹೆಂಗಸೊಬ್ಬಳಿದ್ದಳು. ಅದು ಅವಳಿಗೆ ನಾಲ್ಕನೆಯ ಹೆರಿಗೆ. ಬುಟ್ಟಿಯೊಳಗೆ ಇಣುಕಿ ನೋಡಿ ಗಟ್ಟಿಯಾಗಿ ಹೇಳಿದಳು.

"ಅಯ್ಯೋ, ಏನವ್ವಾ ಇದು! ನಮ್ಮಟ್ಟೀಲಿ ಮೇಕೆ ಈದ್ರೂ ಮರಿ ಇದಕ್ಕಿಂತ ದಪ್ಪಗಿರ್ತೈತೆ."

ಅಮ್ಮನ ಮುಖ ಬಿಗಿಯಿತು.

"ಕ್ವಾಪ ಮಾಡ್ಕಬ್ಯಾಡ್ರಮ್ಮಾ. ಚೆಂದಾಗೈತೆ ಅಂದ್ರೆ ದಿಷ್ಟಿ ಆಯ್ತದೆ. ಅದುಕ್ಕೇ ಬೈದೆ. ನೀವೂ ನಮ್ದನ್ನ ಒಸಿ ಬೈದ್ಬುಡಿ, ಸರಿಗೆ ಸರಿ ಆಯ್ತದೆ."

"ನಿಮ್ಮದೇನಮ್ಮ, ಒಳ್ಳೇ ಬೂದುಗುಂಬಳಕಾಯಿ" ಎಂದಳು ಅಮ್ಮ. ಆಸ್ಪತ್ರೆಯಲ್ಲಿ ಅಮ್ಮ ನಕ್ಕದ್ದು ಅದೊಂದೇ ಸಲ.

ಹಾಲಿನ ಹೊತ್ತಾದರೆ ಅಮ್ಮ ಜಗಲಿಗೆ ಹೋಗಿಬಿಡುತ್ತಿದ್ದಳು. ಮೊದಲೆರಡು ದಿನ ನೋಡಲಾರದೆ ಹೋಗುತ್ತಾಳೆ ಎಂದುಕೊಂಡೆ. ಆಮೇಲೆ ಗಮನಿಸಿದೆ, ಊಟ ಅರ್ಧಕ್ಕೆ ಬಿಡುತ್ತಿದ್ದಳು. ನನಗೆ ಹಾಲು ಹೆಚ್ಚಲಿ ಎಂದು ಮನೆಯಿಂದ ಮೆಂತ್ಯದ ಗಂಜಿ, ಬೆಳ್ಳುಳ್ಳಿ ಹುರಿದು ಕಲಸಿದ ಅನ್ನ ತರುತ್ತಿದ್ದಳು. ಬಟ್ಟಲಿಗೆ ಇಳಿಯುವ ಹಾಲು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಮಗು ಚೀಪಿ ಎಳೆಯದಿದ್ದರೆ ಹೀಗೇ ಆಗುತ್ತದೆ ಎಂದು ನರ್ಸ್ ಹೇಳಿದಳು.

ನನ್ನ ಗಂಡ ಬೇಲೂರಿಗೆ ಹೋಗಿ ತಮ್ಮ ತಾಯಿಗೆ ವಿಷಯ ತಿಳಿಸಿ ಬಂದರು. ಬೆವರಿ, ಬಸ್ಸಿನ ಧೂಳು ಹತ್ತಿಸಿಕೊಂಡು, ಬಾಗಿಲಲ್ಲೇ ನಿಂತು ಮಾತಾಡಿದರು.

"ಅಮ್ಮ ಎಷ್ಟು ತಿಂಗಳು ಅಂತ ಕೇಳಿದರು. ಏಳು ಅಂದೆ."

"ಅವರೇನಂದರು?"

"ಏಳಾದರೆ ಉಳಿಯುತ್ತೆ ಬಿಡು ಅಂದರು."

ಅತ್ತೆಗೆ ನಿಜವಾದ ಲೆಕ್ಕ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದರು.

ಒಂದು ಬೆಳಿಗ್ಗೆ ಡಾಕ್ಟರು ಮಗುವಿನ ಕಾಲನ್ನು ಹತ್ತಿಯಿಂದ ಹೊರಗೆ ತೆಗೆದು, ಅಂಗಾಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಸವರಿದರು.

"ಏಳು ತಿಂಗಳಿಗೆ ಹುಟ್ಟಿದವಕ್ಕೆ ಅಂಗಾಲು ನುಣ್ಣಗಿರುತ್ತೆ. ಇಲ್ಲಿ ನೋಡಿದರೆ ಗೆರೆ ಕಾಣ್ತಿದೆ." ಅಮ್ಮನ ಕಡೆ ತಿರುಗಿದರು. "ಏಳೇ ತಾನೇ ಅಮ್ಮ?"

ಅಮ್ಮ ಬುಟ್ಟಿಯನ್ನು ನೋಡುತ್ತಿದ್ದಳು. "ಏಳೇ" ಎಂದಳು.

ಡಾಕ್ಟರು ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಅವರು ಕಾಲನ್ನು ಮತ್ತೆ ಹತ್ತಿಯೊಳಗೆ ಇಟ್ಟು ಹೋದರು.

ಆಗ ನಮ್ಮಿಬ್ಬರಿಗೂ ಅರ್ಥವಾಗಿತ್ತು.

"ಅಮ್ಮ, ಹೇಳಬೇಕಾಗಿತ್ತಲ್ವಾ" ಎಂದೆ.

"ಸುಮ್ನಿರೇ. ಕೂಸಿಗೆ ಕೇಳಿಸುತ್ತೆ."

"ಹೇಳದೆ ಇದ್ದರೆ ಟ್ಯೂಬು ತೆಗೆಯಲ್ಲ."

"ನೀನೇ ಹೇಳಬಹುದಾಗಿತ್ತಲ್ಲ ಹಾಗಾದ್ರೆ. ಬಿ.ಎ. ಓದಿದೋಳು."

ನಾನು ಬಿ.ಎ. ಮೊದಲನೆಯ ವರ್ಷದವರೆಗೆ ಓದಿದ್ದೆ, ಹಾಸನದಲ್ಲಿ. ಎಂಟರ ಮಾತನ್ನು ನಂಬುತ್ತೀಯಾ ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಬುಟ್ಟಿಯ ಪಕ್ಕದಲ್ಲಿ ಕುಳಿತು ಆ ಮಾತು ಆಡಲು ನನ್ನಿಂದ ಆಗಲಿಲ್ಲ. ಮಗು ತನ್ನ ಮುಷ್ಟಿಯನ್ನು ಬಾಯಿಗೆ ತಂದುಕೊಂಡು ಚೀಪುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ಹಾಲಿನ ಹೊತ್ತಾಯಿತು. ಅಮ್ಮ ಎದ್ದು ಜಗಲಿಗೆ ಹೋದಳು.

ಮರುದಿನ ಮಧ್ಯಾಹ್ನ ಟ್ಯೂಬು ಇಳಿಸುವಾಗ ಡಾಕ್ಟರು ಇದ್ದರು. ಬೆರಳು ಮಂಚದ ಮೇಲೆ ಆಡುತ್ತಿತ್ತು. ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು.

ಡಾಕ್ಟರು ಟ್ಯೂಬನ್ನು ಎಳೆದುಹಾಕಿ, ಮಗುವನ್ನು ಅಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕಿದರು. ಮತ್ತೆ ಅಂಗಾತ ಮಾಡಿ, ಅದರ ಮೂಗು ಬಾಯಿ ಎರಡನ್ನೂ ತಮ್ಮ ಬಾಯಿಂದ ಮುಚ್ಚಿ, ಕೆನ್ನೆಯಲ್ಲಿದ್ದಷ್ಟೇ ಗಾಳಿಯನ್ನು ಮೆಲ್ಲಗೆ ಊದಿದರು. ಪಕ್ಕದ ಮಂಚದಾಕೆ "ಶಿವನೇ" ಎಂದು ತನ್ನ ಮಗುವನ್ನು ಅವುಚಿಕೊಂಡಳು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಮಗು ಬಿಕ್ಕಿತು, ಆಮೇಲೆ ಬೆಕ್ಕಿನ ಮರಿಯ ಹಾಗೆ ಕೂಗಿತು.

ಡಾಕ್ಟರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಸುಧಾರಿಸಿಕೊಂಡು ನನಗೆ ಹೇಳಿದರು.

"ಇನ್ನೊಂದು ಸಲ ಹೀಗಾದರೆ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ. ಟ್ಯೂಬು ಹಾಕಿದರೆ ಎದೆಬಡಿತ ನಿಲ್ಲುತ್ತೆ. ಹಾಕದಿದ್ದರೆ ಹೊಟ್ಟೆಗಿಲ್ಲ. ಏಳು ತಿಂಗಳದ್ದು ಅಲ್ಲದಿದ್ದರೆ ಇಷ್ಟು ಹೊತ್ತಿಗೆ ಎದೆಗೆ ಹಾಕಿ ನೋಡಿಬಿಡ್ತಿದ್ದೆ."

ಕೂಗು ಕೇಳಿ ಅಮ್ಮ ಬಾಗಿಲಿಗೆ ಬಂದಿದ್ದಳು. ಈ ಮಾತನ್ನು ಪೂರ್ತಿ ಕೇಳಿಸಿಕೊಂಡಳು. "ಡಾಕ್ಟರಮ್ಮ, ಸ್ವಲ್ಪ ಹೊರಗೆ ಬನ್ನಿ" ಎಂದಳು.

ಮುಂದೆ ಅವರಿಬ್ಬರ ನಡುವೆ ನಡೆದದ್ದನ್ನು ನಾನು ಕಂಡಿಲ್ಲ. ನಾನು ಆಸ್ಪತ್ರೆ ಬಿಡುವ ದಿನ ಡಾಕ್ಟರು ಹೇಳಿದ್ದು. ಅಮ್ಮ ಜಗಲಿಯಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದು, ಅಂಗಳದ ಆ ತುದಿಯಲ್ಲಿದ್ದ ಹೊಂಗೆಮರದವರೆಗೂ ನಡೆದಳು. ಅಲ್ಲಿಂದ ಒಳಗೆ ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಬಾಯಿ ಬಿಟ್ಟಳು.

"ಮದುವೆಯಾದ ಮೇಲೆ ಮೊದಲ ಗೌರಿ ಹಬ್ಬ ಅಂತ ಅವಳು ನಮ್ಮನೆಗೆ ಬಂದಿದ್ದಳು. ಹಬ್ಬದ ದಿನವೇ ಹೊರಗಾದಳು. ಬಾಗಿನ ಕೊಡೋಕೂ ಆಗಲಿಲ್ಲ. ಅದಾದ ಮೇಲೆ ಮತ್ತೆ ಆಗಲೇ ಇಲ್ಲ. ನೀವೇ ಎಣಿಸಿಕೊಳ್ಳಿ. ನನ್ನ ಬಾಯಲ್ಲಿ ಹೇಳಿಸಬೇಡಿ."

ಡಾಕ್ಟರು ಬೆರಳು ಮಡಿಸಿ ಎಣಿಸಿದರು. ಎಣಿಸಿ ಮುಗಿಯುವವರೆಗೂ ಅಮ್ಮ ಅವರ ಕೈಯನ್ನು ನೋಡದೆ ಮರದ ಕಡೆ ತಿರುಗಿ ನಿಂತಿದ್ದಳಂತೆ.

"ಇದನ್ನ ಯಾಕಮ್ಮ ಮುಚ್ಚಿಟ್ಟಿರಿ?"

"ಹೇಳಿದ್ದರಿಂದ ಮಗುವಿಗೆ ಏನಾದರೂ ಆದರೆ ಅದು ನನ್ನ ತಲೆಗೆ."

"ಹೇಳದೆ ಇದ್ದದ್ದರಿಂದ ಆಗಿದ್ದರೆ?"

"ಅದೂ ನನ್ನ ತಲೆಗೇ" ಎಂದಳಂತೆ ಅಮ್ಮ.

ಡಾಕ್ಟರು ಒಬ್ಬರೇ ಒಳಗೆ ಬಂದರು. ಮಗುವಿನ ಅಂಗಾಲನ್ನು ಮತ್ತೊಮ್ಮೆ ನೋಡಿದರು. "ಹುಟ್ಟಿದ ದಿನವೇ ಈ ಗೆರೆ ನೋಡಬೇಕಾಗಿತ್ತು ನಾನು. ನಿನ್ನೆ ನೋಡಿದ ಮೇಲೂ ಬಾಯಿಮಾತು ನಂಬಿದೆ" ಎಂದರು. ನರ್ಸಿಗೆ ಹೇಳಿದರೋ, ತಮಗೆ ತಾವೇ ಹೇಳಿಕೊಂಡರೋ ತಿಳಿಯಲಿಲ್ಲ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು.

ನರ್ಸ್ ಬಾಟಲಿಯಲ್ಲಿ ಮೊದಲು ನೋಡೋಣವೇ ಎಂದಳು.

"ಬಾಟಲಿ ಬೇಡ. ಅದರಲ್ಲಿ ಹಾಲು ತಾನಾಗಿ ಸುರಿಯುತ್ತೆ. ಮಗುವಿಗೆ ಉಸಿರು ತಗೊಳ್ಳೋಕೆ ಬಿಡುವೇ ಸಿಗಲ್ಲ. ಎದೆಯಲ್ಲಾದರೆ ಇದು ಎಳೆದರೆ ಉಂಟು, ನಿಲ್ಲಿಸಿದರೆ ಇಲ್ಲ. ಲಗಾಮು ಇದರ ಕೈಯಲ್ಲೇ ಇರುತ್ತೆ."

ನನ್ನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಮಗುವನ್ನು ಬಟ್ಟೆ ಬಿಚ್ಚಿ ನನ್ನ ಮೈಗೆ ಒತ್ತಿಟ್ಟು ಮೇಲೆ ಕಂಬಳಿ ಹೊದಿಸಿದರು. ಹುಟ್ಟಿದಾಗಿನಿಂದ ಅದು ನನ್ನ ಮೈಗೆ ತಾಗಿದ್ದು ಆಗಲೇ. ಮೊದಲು ಮೂತಿ ಅತ್ತಿತ್ತ ಆಡಿಸಿತು. ನಾನು ನಾಲ್ಕು ಹನಿ ಹಿಂಡಿ ತುಟಿಗೆ ತಾಗಿಸಿದೆ. ಬಾಯಿ ತೆರೆಯಿತು. ಹಿಡಿಯಿತು.

ಡಾಕ್ಟರು ಕಂಬಳಿಯ ಕೆಳಗಿನಿಂದ ಸ್ಟೆತಾಸ್ಕೋಪನ್ನು ಮಗುವಿನ ಬೆನ್ನಿಗೆ ಇಟ್ಟು, ಇನ್ನೊಂದು ಕೈಯಿಂದ ಮಂಚದ ಕಬ್ಬಿಣ ತಟ್ಟತೊಡಗಿದರು. ನಾನು ಮಗುವಿನ ಮುಖ ನೋಡಲಿಲ್ಲ, ಆ ಬೆರಳನ್ನೇ ನೋಡುತ್ತಿದ್ದೆ. ಮಗು ಎರಡು ಮೂರು ಸಲ ಎಳೆಯಿತು, ನಿಲ್ಲಿಸಿತು, ಉಸಿರು ತೆಗೆದುಕೊಂಡಿತು. ಮತ್ತೆ ಎಳೆಯಿತು. ಬೆರಳು ಒಂದೇ ಸಮನೆ ಆಡುತ್ತಿತ್ತು. ಮಗು ದಣಿದು ಬಿಟ್ಟಿತು, ಮತ್ತೆ ಹುಡುಕಿತು. ಬೆರಳು ನಿಧಾನವಾಗಲಿಲ್ಲ.

"ತುಟಿ ನೋಡಿ ಮೇಡಂ" ಎಂದಳು ನರ್ಸ್. ಆಗ ನೋಡಿದೆ. ತುಟಿ ಕೆಂಪಗೇ ಇತ್ತು.

"ಅಗೋ, ಕಳ್ಳಿ! ಇಸ್ಟು ದಿನ ಎಲ್ಲಿ ಬಚ್ಚಿಟ್ಕಂಡಿದ್ದೆ ಈ ಇದ್ಯೆ?" ಎಂದು ಪಕ್ಕದ ಮಂಚದಾಕೆ ಮಗುವನ್ನು ಬೈದಳು.

ಅಮ್ಮ ಒಳಗೆ ಬಂದಿರಲಿಲ್ಲ. ಮಗು ಕುಡಿಯಿತು ಎಂದು ಹೇಳಲು ನರ್ಸ್ ಹೊರಗೆ ಹೋದಾಗ ಮರದ ಕೆಳಗೂ ಇರಲಿಲ್ಲ. ಮನೆಗೆ ಹೋಗಿದ್ದಳು. ಸಂಜೆ ಗಂಜಿ ಹಿಡಿದುಕೊಂಡು ಬಂದಳು. ದಿನವೂ ಬುಟ್ಟಿಯ ಹತ್ತಿರ ಹೋಗುತ್ತಿದ್ದವಳು ಅಂದು ಬಾಗಿಲ ಬಳಿಯೇ ಕುಳಿತಳು.

ಅಂದಿನಿಂದ ಟ್ಯೂಬು ಹಾಕಲಿಲ್ಲ. ಮಗು ಸುಸ್ತಾಗಿ ಬಿಟ್ಟಷ್ಟನ್ನು ನಾನು ಹಿಂಡಿ ಕೊಟ್ಟರೆ, ನರ್ಸ್ ಮಗುವನ್ನು ಕೂರಿಸಿಕೊಂಡ ಹಾಗೆ ಎತ್ತಿ ಹಿಡಿದು, ಶಾಯಿ ಹಾಕುವ ಹೊಸ ಫಿಲ್ಲರಿನಿಂದ ಹನಿಹನಿಯಾಗಿ ಕುಡಿಸುತ್ತಿದ್ದಳು. ಡಾಕ್ಟರು ಬೆಳಿಗ್ಗೆ ಸಂಜೆ ಬಂದು ಉಸಿರು ಎಣಿಸಿ ಹೋಗುತ್ತಿದ್ದರು. ಹಾಲು ಮತ್ತೆ ತುಂಬಿಕೊಂಡಿತು. ಜೂನ್ ತಿಂಗಳಲ್ಲಿ, ಸ್ಕೂಲು ಬಾಗಿಲು ತೆರೆಯುವ ಮೊದಲು, ನಮ್ಮನ್ನು ಮನೆಗೆ ಕಳಿಸಿದರು.

ಅಮ್ಮ ಬಾಣಂತನದಲ್ಲಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನೀರು ಕಾಯಿಸಿದಳು, ಕಷಾಯ ಮಾಡಿದಳು, ಬಟ್ಟೆ ಒಗೆದಳು, ಲೋಬಾನದ ಹೊಗೆ ಹಾಕಿದಳು. ಮಗುವನ್ನು ಎತ್ತಿಕೊಳ್ಳಲಿಲ್ಲ. ಎರೆಯಲು ಹೊರಗಿನವಳನ್ನು ಗೊತ್ತು ಮಾಡಿದಳು. ಎತ್ತಿಕೋ ಎಂದರೆ "ಕೈ ಒದ್ದೆ" ಎನ್ನುತ್ತಿದ್ದಳು. ಇನ್ನೊಂದು ಸಲ ಕೇಳಿದರೆ "ಒಲೆ ಮೇಲೆ ಇಟ್ಟಿದೀನಿ."

ಒಂದು ದಿನ ಬಿಡದೆ ಕೇಳಿದೆ.

"ಉಳೀತಲ್ಲಮ್ಮ. ಇನ್ನೇನು?"

"ಉಳೀತು. ಅಷ್ಟು ದಿನ ಅದರ ಮೂಗಿಗೆ ಹಾಕಿಸಿದ್ದು ನಾನಲ್ವೇನೇ."

"ನಾನೂ ಸುಮ್ಮನಿದ್ದೆನಲ್ಲ."

"ನೀನು ಬಾಣಂತಿ" ಎಂದು ಎದ್ದು ಹೋದಳು.

ನಾಮಕರಣಕ್ಕೆ ಬೇಲೂರಿನಿಂದ ಅತ್ತೆ ಬಂದರು. ತೊಟ್ಟಿಲ ಪಕ್ಕ ಕುಳಿತು ಬಂದವರಿಗೆಲ್ಲ ಮಗುವಿನ ಮುಖ ತೋರಿಸಿ, "ಏಳರ ಕೂಸು ಕಣ್ರೀ, ನೋಡಿ ಹೇಗೆ ಕೈಕಾಲು ಬಡಿಯುತ್ತೆ" ಎನ್ನುತ್ತಿದ್ದರು. ಬೀಗಿತ್ತಿಯನ್ನು ಕರೆಯಿರಿ, ತೊಟ್ಟಿಲು ತೂಗಲಿ ಎಂದರು. ಅಮ್ಮ ಅಡಿಗೆಮನೆಯಲ್ಲಿ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದಳು. ಕರೆಯಲು ಹೋದ ನನ್ನ ಕೈಗೆ ಕೋಸಂಬರಿಯ ಪಾತ್ರೆ ಕೊಟ್ಟು ಕಳಿಸಿದಳು.

ಆಮೇಲೆ ನಾವು ಹಳೇಬೀಡಿಗೆ ಬಂದೆವು. ಅಮ್ಮ ಬಸ್ಸಿನವರ ಕೈಯಲ್ಲಿ ಹಪ್ಪಳ, ಲಂಗದ ಬಟ್ಟೆ, ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದಳು. ಬಾ ಎಂದು ಬರೆದರೆ ಮಂಡಿನೋವು ಎಂದು ಬರೆಸುತ್ತಿದ್ದಳು. ನಾವು ಅರಸೀಕೆರೆಗೆ ಹೋದಾಗ ಮಗು ಅವಳ ಹಿಂದೆ ಹಿಂದೆ ತಿರುಗುತ್ತಿತ್ತು. ಅಮ್ಮ ಅದರ ಜೊತೆ ಮಾತಾಡುತ್ತಿದ್ದಳು, ತಟ್ಟೆಗೆ ಬಡಿಸುತ್ತಿದ್ದಳು. ಅಷ್ಟೇ.

ಅಮ್ಮ ಹಳೇಬೀಡಿಗೆ ಬಂದದ್ದು ಒಂದೇ ಸಲ, 1969ರಲ್ಲಿ. ಮೊಣಕಾಲು ನೀವಿಕೊಳ್ಳುತ್ತಾ ನಡುಮನೆಯ ಗೋಡೆಗೆ ಒರಗಿ ಕಾಲು ನೀಡಿ ಕುಳಿತಿದ್ದಳು. ಮಗಳು ಅಂಗಳದಿಂದ ಓಡಿ ಬಂದವಳು, ಯಾರನ್ನೂ ಕೇಳದೆ ಹೋಗಿ ಅವಳ ತೊಡೆಯ ಮೇಲೆ ಕುಳಿತಳು. ಶಾಲೆಯ ಹಿಂದಿನ ಹುತ್ತದ ವಿಷಯ ಹೇಳತೊಡಗಿದಳು. ಅಮ್ಮನ ಎರಡು ಕೈಗಳೂ ನೆಲದ ಮೇಲೆ ಇದ್ದವು. ಮಗುವನ್ನು ಹಿಡಿಯಲಿಲ್ಲ, ಇಳಿಸಲೂ ಇಲ್ಲ. ಹೇಳುತ್ತಾ ಹೇಳುತ್ತಾ ಮಗು ಹಿಂದಕ್ಕೆ ಒರಗಿ ಅಲ್ಲೇ ನಿದ್ದೆ ಹೋಯಿತು.

ಎಲೆ ಹಾಕಿ ಕರೆದೆ. ಅಮ್ಮ ತಲೆಯಾಡಿಸಿ ಬೇಡ ಎಂದಳು. ಮಗು ತಾನಾಗಿ ಏಳುವವರೆಗೂ ಊಟಕ್ಕೆ ಬರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಹೊರಟಳು. 1972ರಲ್ಲಿ ತೀರಿಕೊಂಡಳು. ಮಗಳು ಈಗ ಅರೇಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರ್.